ಬಂದದ ಅಲ್ಲ, ಬಂದಿತ್ತು

"ಇಲ್ಲಿ ಕುದುರೆಗಳಿಗೆ ಕಾಯಿಲೆ ಬಂದಿದೆಯಂತೆ, ನಿಜವಾ?" ಎಂದು ಕೇಳಿದೆ. ಕುದುರೆಯ ಮೈಗೆ ಖರಾರ ಉಜ್ಜುತ್ತಿದ್ದ ಸಯೀಸರು ಕೈ ನಿಲ್ಲಿಸದೆಯೇ ಉತ್ತರ ಕೊಟ್ಟರು: "ಬಂದದ ಅಲ್ರಿ ಅಕ್ಕಾ. ಬಂದಿತ್ತು."

ಪುಣೆಯ ಹೊರವಲಯದಲ್ಲಿ, ಕಬ್ಬಿನ ಗದ್ದೆಗೂ ಹೊಸ ಅಪಾರ್ಟ್‌ಮೆಂಟುಗಳಿಗೂ ನಡುವೆ ಉಳಿದುಕೊಂಡಿರುವ ಲಾಯ ಅದು. ತಿಂಗಳಿಗಿಷ್ಟು ಎಂದು ಕೊಟ್ಟರೆ ನಿಮ್ಮ ಕುದುರೆಯನ್ನು ಇಟ್ಟುಕೊಂಡು, ಮೇವು ಹಾಕಿ, ಮೈ ತಿಕ್ಕಿ, ಅಡ್ಡಾಡಿಸಿ ನೋಡಿಕೊಳ್ಳುತ್ತಾರೆ. ನನಗೆ ಕುದುರೆ ಇಲ್ಲ, ಕೊಳ್ಳುವ ದುಡ್ಡೂ ಇಲ್ಲ. ಗೆಳತಿಯೊಬ್ಬಳು ರೇಸಿನಿಂದ ನಿವೃತ್ತಿಯಾದ ಒಂಬತ್ತು ವರ್ಷದ ಹೆಣ್ಣು ಕುದುರೆಯನ್ನು ಕೊಂಡಿದ್ದಳು, ಅದಕ್ಕೊಂದು ಜಾಗ ಬೇಕಿತ್ತು. ಎರಡು ಲಾಯ ನೋಡಿಟ್ಟುಕೊಂಡಿದ್ದಳು. ಒಂದು ಹೊಳೆಯುವ ಲಾಯ: ಸಿಸಿಟಿವಿ, ಹಸಿರು ಬೇಲಿ, ಅಚ್ಚುಕಟ್ಟಾದ ಕಚೇರಿ. "ನಮ್ಮಲ್ಲಿ ಇಲ್ಲಿಯವರೆಗೆ ಒಂದೇ ಒಂದು ಕಾಯಿಲೆ ಬಂದಿಲ್ಲ" ಎಂದು ಅಲ್ಲಿಯವರು ಹೇಳಿದ್ದರು. ಇನ್ನೊಂದು ಇದು. ಕೆಲವು ವರ್ಷಗಳ ಹಿಂದೆ ಇಲ್ಲಿ ಗ್ಲ್ಯಾಂಡರ್ಸ್ ಕಾಣಿಸಿಕೊಂಡು ಎರಡು ಕುದುರೆಗಳನ್ನು ಕೊಲ್ಲಬೇಕಾಗಿ ಬಂತೆಂದು ಮಾಲೀಕರೇ ಮೊದಲ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಗೆಳತಿಗೆ ನಿದ್ದೆ ಹತ್ತಿರಲಿಲ್ಲ. ಮಾಲೀಕರು ಹೇಳುವುದು ಒಂದು, ಕುದುರೆಯ ಜೊತೆ ಮಲಗುವವರು ಹೇಳುವುದು ಇನ್ನೊಂದು ಎಂಬುದು ಅವಳ ಅನುಮಾನ. ಸಯೀಸರು ಅಫಜಲಪುರ ಕಡೆಯವರು ಎಂದು ಗೊತ್ತಾಗಿದ್ದೇ ತಡ, ನನ್ನನ್ನು ಎಳೆದುಕೊಂಡು ಹೋದಳು. ಭೀಮಾ ನದಿ ಪುಣೆ ಜಿಲ್ಲೆಯಲ್ಲಿ ಹುಟ್ಟಿ ಅವರ ಊರಿನ ಪಕ್ಕ ಹರಿಯುತ್ತದೆ. ಕುನಿಗಲ್ಲಿನವಳಾದ ನನಗೆ ಅವರ ಕನ್ನಡ, ಅವರಿಗೆ ನನ್ನ ಕನ್ನಡ ಎರಡೂ ಸ್ವಲ್ಪ ತಮಾಷೆ. ಆದರೂ ಮಾತು ನಡೆಯಿತು.

ಮತ್ತು ಅವರು ನನ್ನ ವ್ಯಾಕರಣ ತಿದ್ದಿದರು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳಿಗೆ ಇದಕ್ಕಿಂತ ಏನು ಬೇಕು? "ಬಂದದ" ಎಂದರೆ ನಮ್ಮ ಕಡೆಯ "ಬಂದಿದೆ". ಬಂದದ್ದು ಇನ್ನೂ ಇಲ್ಲೇ ಇದೆ, ಇಲ್ಲವೇ ಅದರ ಪರಿಣಾಮ ಇಲ್ಲಿದೆ. "ನೆಂಟರು ಬಂದಿದ್ದಾರೆ" ಎಂದರೆ ಇನ್ನೆರಡು ಲೋಟ ಕಾಫಿಗೆ ನೀರಿಡಬೇಕು. "ನೆಂಟರು ಬಂದಿದ್ದರು" ಎಂದರೆ ಲೋಟ ತೊಳೆದಾಗಿದೆ. ಕಾಯಿಲೆ ಬಂದುಹೋದ ಲಾಯದ ಬಗ್ಗೆ ಕೇಳಬೇಕಾದ ಪ್ರಶ್ನೆ ಈ ಎರಡು ಕ್ರಿಯಾಪದಗಳ ನಡುವೆಯೇ ಇದೆ ಎಂದು ಆ ದಿನ ಅನ್ನಿಸಿತು. ಅಲ್ಲಿಂದ ಮುಂದಿನ ಎರಡು ವಾರ ಅನುವಾದದ ಕೆಲಸ ಪಕ್ಕಕ್ಕಿಟ್ಟು ಪುಣೆಯ ಕುದುರೆಗಳ ಚರಿತ್ರೆಯ ಹಿಂದೆ ಬಿದ್ದೆ.

ಇದು ಕುದುರೆಗಳ ಊರು. ಲಕ್ಷ್ಮೀ ರಸ್ತೆಯಲ್ಲಿ ಸೀರೆ ಕೊಳ್ಳಲು ಹೋದವರು ಹುಜೂರಪಾಗಾ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ನೋಡಿರುತ್ತೀರಿ. 1884ರಲ್ಲಿ ಶುರುವಾದ ಶಾಲೆ. ಕಟ್ಟಿದವರಲ್ಲಿ ರಾನಡೆಯವರೂ ನನ್ನಂಥವರು ಗುರು ಎಂದು ನಮಸ್ಕರಿಸುವ ಆರ್.ಜಿ. ಭಂಡಾರಕರರೂ ಇದ್ದರು. ಹೆಸರು ಮಾತ್ರ ಕುದುರೆಗಳದ್ದು. ಪಾಗಾ ಎಂದರೆ ಮರಾಠಿಯಲ್ಲಿ ಲಾಯ, ಲಾಯಕ್ಕೆ ಸೇರಿದ ಅಶ್ವದಳವೂ ಹೌದು. ಹುಜೂರ ಎಂದರೆ ದೊರೆ. ಪೇಶ್ವೆಯ ಖಾಸಾ ಕುದುರೆಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹುಡುಗಿಯರು ಪ್ರಾರ್ಥನೆಗೆ ನಿಲ್ಲುತ್ತಾರೆ.

ಮರಾಠರ ಅಶ್ವದಳದಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರದ ಕುದುರೆ ಹತ್ತುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತರುವವನು ಶಿಲೇದಾರ. ಮೈಸೂರಿನವರು ಸಿಲ್ಲೇದಾರ್ ಎಂದು ಕರೆದದ್ದು ಇದೇ ಪದವನ್ನು. ವ್ಯತ್ಯಾಸ ಬರೀ ಹೆಸರಿನದಲ್ಲ. ಬಾರಗೀರನ ಕುದುರೆ ಸತ್ತರೆ ಅದು ದೊರೆಯ ನಷ್ಟ. ಶಿಲೇದಾರನ ಕುದುರೆ ಸತ್ತರೆ ಅವನ ನೌಕರಿಯೇ ಸತ್ತಂತೆ. ಹಾಗಾಗಿ ಸ್ವಂತ ಕುದುರೆಯ ಸವಾರರು ಯುದ್ಧದ ನಡುವೆಯೂ ತಮಗಿಂತ ಹೆಚ್ಚಾಗಿ ಕುದುರೆಯನ್ನು ಕಾಪಾಡಿಕೊಳ್ಳಲು ನೋಡುತ್ತಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಕುದುರೆಗೆ ಕಾಯಿಲೆಯಾದಾಗ ಯಾರು ಬಾಯಿ ಬಿಡುತ್ತಾರೆ, ಯಾರು ಮುಚ್ಚಿಡುತ್ತಾರೆ ಎಂಬುದಕ್ಕೆ ಉತ್ತರ ಅರ್ಧ ಇಲ್ಲೇ ಇದೆ. ನಷ್ಟ ಯಾರದೋ ಅವರು ಮುಚ್ಚಿಡುತ್ತಾರೆ.

ಸಭಾಸದನ ಬಖರಿನಲ್ಲಿ ಶಿವಾಜಿಯ ಪಾಗಾದ ಲೆಕ್ಕ ಬರುತ್ತದೆ: 25 ಕುದುರೆಗೆ ನೀರು ತರುವ ಒಬ್ಬ ಪಖಾಲಿ, ಲಾಳ ಹೊಡೆಯುವ ಒಬ್ಬ ನಾಲಬಂದ. ಮೊದಲ ಸಲ ಓದಿದಾಗ ನನಗೆ ಇದು ಬರೀ ಆಡಳಿತದ ವಿವರ. ಈಗ ಓದಿದರೆ ಬೇರೆಯೇ ಕಾಣುತ್ತದೆ. 25 ಕುದುರೆಗಳು ಒಂದೇ ತೊಗಲಚೀಲದ ನೀರು ಕುಡಿಯುತ್ತವೆ, ಒಂದೇ ಜೊತೆ ಕೈಗಳು 25 ಕುದುರೆಗಳ ಕಾಲು ಮುಟ್ಟುತ್ತವೆ. ಸಾಂಕ್ರಾಮಿಕದ ದಾರಿಯನ್ನು ಇದಕ್ಕಿಂತ ಚೆನ್ನಾಗಿ ಬರೆಯಲಾಗದು.

ಲಾಯದ ನಿರ್ವಹಣೆಯ ಬಗ್ಗೆ ನಾನು ಓದಿರುವ ಅತ್ಯಂತ ಖಡಕ್ ಬರಹ ಶಿವಾಜಿಯದೇ. 1670ರ ದಶಕದಲ್ಲಿ ಚಿಪಳೂಣದ ಬಳಿಯ ಹಲವರ್ಣದಲ್ಲಿ ಬೀಡುಬಿಟ್ಟಿದ್ದ ದಳದ ಜುಮಲೇದಾರರಿಗೆ, ಹವಾಲದಾರರಿಗೆ, ಕಾರಕೂನರಿಗೆ ಹೋದ ಪತ್ರ ಅದು. ರೈತರ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಬೇಡಿ ಎಂದ ಪತ್ರ ಎಂದೇ ಅದು ಪ್ರಸಿದ್ಧ. ಆದರೆ ಅದರ ಹೆಚ್ಚಿನ ಭಾಗ ಕುದುರೆಗಳ ಬಗ್ಗೆ ಇದೆ. ಕೈಯಲ್ಲಿರುವ ಕಾಳು ಮತ್ತು ಮೇವನ್ನು ಈಗಲೇ ಬೇಕಾಬಿಟ್ಟಿ ಖರ್ಚು ಮಾಡಿದರೆ ಮಳೆಗಾಲದಲ್ಲಿ ಏನೂ ಸಿಗದು, ಕುದುರೆಗಳು ಉಪವಾಸ ಬಿದ್ದು ಸಾಯುತ್ತವೆ, ಆಗ ಅವುಗಳನ್ನು ಕೊಂದವರು ನೀವೇ ಎಂದಾಗುತ್ತದೆ ಎನ್ನುತ್ತದೆ ಪತ್ರ. ಆಮೇಲೆ ಬೆಂಕಿಯ ಮಾತು: ಹುಲ್ಲಿನ ಬಣವೆಯ ಹತ್ತಿರ ಒಲೆ ಹಚ್ಚುವುದು, ಹೊಗೆಸೊಪ್ಪಿನ ಕೆಂಡ, ರಾತ್ರಿ ಉರಿಯುವ ದೀಪದ ಬತ್ತಿಯನ್ನು ಎಳೆದೊಯ್ಯುವ ಇಲಿ. ರಾಜನೊಬ್ಬ ಇಲಿಯ ಬಗ್ಗೆ ಯೋಚಿಸುತ್ತಿದ್ದಾನೆ! ಕುದುರೆಯ ಸಾವು ದೈವ ಅಲ್ಲ, ಯಾರೋ ಒಬ್ಬರ ಅಜಾಗರೂಕತೆ ಎಂಬ ನಿಲುವು ಆ ಪತ್ರದ ಸಾಲುಸಾಲಿನಲ್ಲೂ ಇದೆ.

ಆದರೆ ಕಣ್ಣಿಗೆ ಕಾಣದ ಕಿಡಿಯೂ ಇರುತ್ತದೆ ಎಂಬುದು ಗೊತ್ತಾಗಲು ಇನ್ನೂ 200 ವರ್ಷ ಬೇಕಾಯಿತು. ಕುದುರೆ ವೈದ್ಯ ನಮ್ಮಲ್ಲಿ ಇರಲಿಲ್ಲ ಎಂದಲ್ಲ. ಶಾಲಿಹೋತ್ರನ ಹೆಸರೇ ಸವೆದು ಹಿಂದೂಸ್ತಾನಿಯಲ್ಲಿ ಪಶುವೈದ್ಯನಿಗೆ 'ಸಾಲೋತ್ರಿ' ಎಂಬ ಪದವಾಯಿತು, ಬ್ರಿಟಿಷ್ ಸೈನ್ಯವೂ ಅದನ್ನೇ ಬಳಸಿತು. ಕನ್ನಡದಲ್ಲಿ ಅಭಿನವಚಂದ್ರ ಸುಮಾರು 1400ರಲ್ಲೇ 'ಅಶ್ವವೈದ್ಯ' ಬರೆದ. ಆದರೆ ಒಂದು ಕುದುರೆಯ ರೋಗ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ ಸೂಕ್ಷ್ಮದರ್ಶಕ ಬೇಕಿತ್ತು.

1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯ ಸುರ್ರಾ ಎಂಬ ಕಾಯಿಲೆಯಿಂದ ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಹಾವಿನಂತೆ ಹೊರಳುವ ಸಣ್ಣ ಜೀವಿಯನ್ನು ಕಂಡ. ಜ್ವರ, ರಕ್ತಹೀನತೆ, ಕಾಲು-ಹೊಟ್ಟೆಗಳಲ್ಲಿ ಬಾವು, ತಿನ್ನುತ್ತಿದ್ದರೂ ಸೊರಗುವುದು, ಕೊನೆಗೆ ಸಾವು. ರೋಗಿ ಕುದುರೆಯ ರಕ್ತವನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಿ ರೋಗ ದಾಟುವುದನ್ನು ತೋರಿಸಿದ. ಮೇಲಧಿಕಾರಿಗಳು ಒಪ್ಪಲಿಲ್ಲ. ಅಂಥದ್ದೇ ಜೀವಿಗಳು ಆರೋಗ್ಯವಾಗಿರುವ ಇಲಿಗಳ ರಕ್ತದಲ್ಲೂ ಇವೆಯಲ್ಲ, ಹಾಗಾದರೆ ಅವು ನಿರುಪದ್ರವಿ ಎಂಬುದು ಆಗಿನ ವಾದ. ಇವಾನ್ಸ್ ಕಂಡದ್ದೇ ಸರಿಯಾಗಿತ್ತು. ಆ ಜೀವಿಗೆ ಈಗ ಅವನ ಹೆಸರೇ ಇದೆ, ಟ್ರಿಪನೋಸೋಮಾ ಇವಾನ್ಸಿ. ನನಗೆ ಹೆಚ್ಚು ಇಷ್ಟವಾದದ್ದು ಸುರ್ರಾ ಎಂಬ ಪದ. ಮೂಗಿನ ಹೊಳ್ಳೆಯಿಂದ ಜೋರಾಗಿ ಉಸಿರು ಹೊರಡುವ ಸದ್ದಿನ ಅನುಕರಣೆ ಅದು, ಬಂದದ್ದು ಮರಾಠಿಯಿಂದ ಎನ್ನುತ್ತವೆ ನಿಘಂಟುಗಳು. ಯಾವುದೋ ಲಾಯದ ಕತ್ತಲಲ್ಲಿ ಯಾವನೋ ಸಯೀಸನ ಕಿವಿಗೆ ಬಿದ್ದ ಸದ್ದು ಜಗತ್ತಿನ ವೈದ್ಯಕೀಯ ಕೋಶಗಳಲ್ಲಿ ಹೋಗಿ ಕೂತಿದೆ.

ಇಲ್ಲಿ ಪುಣೆ ಮತ್ತೆ ಬರುತ್ತದೆ. 1889ರ ಡಿಸೆಂಬರ್ 9ರಂದು ಸರ್ಕಾರ ದೇಶದ ಪ್ರಾಣಿರೋಗಗಳ ಅಧ್ಯಯನಕ್ಕಾಗಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ತೆರೆದದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಮುಂದೆ ಎಂಜಿನಿಯರಿಂಗ್ ಕಾಲೇಜಾದ, ಶಿವಾಜಿನಗರದ ಬದಿಯ ಅದೇ ಸಂಸ್ಥೆ. ಹೊಣೆ ಹೊತ್ತವನು ಆಲ್‌ಫ್ರೆಡ್ ಲಿಂಗಾರ್ಡ್. ಸುರ್ರಾ ಅವನ ಮುಖ್ಯ ಗೀಳು. ಕುದುರೆಗಳಿಗೆ ಆರ್ಸೆನಿಕ್ ಕೊಟ್ಟು ನೋಡಿದ, 1893ರಲ್ಲಿ ಕುದುರೆ ಸುರ್ರಾದ ಮೇಲೆ ದಪ್ಪ ವರದಿ ಪ್ರಕಟಿಸಿದ.

ಅದೇ ವರ್ಷ ಪ್ರಯೋಗಾಲಯ ಗಂಟುಮೂಟೆ ಕಟ್ಟಿತು. ಕಾರಣ ಸರಳ. ಹರಡುವ ರೋಗಗಳ ಬೀಜವನ್ನು ಜನ-ದನ ತುಂಬಿದ ಊರಿನ ನಡುವೆ ಇಟ್ಟುಕೊಂಡು ಕೂರುವುದು ಅಪಾಯ. ಪ್ರತ್ಯೇಕವಾದ, ದೂರದ ಜಾಗ ಬೇಕು. ಸಿಕ್ಕಿದ್ದು ಕುಮಾಂವ್ ಬೆಟ್ಟಗಳ ಕಾಡಿನ ನಡುವಿನ ಮುಕ್ತೇಶ್ವರ. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಬೆಳೆದದ್ದು ಅಲ್ಲಿಂದ. ಕುದುರೆಗೆ ಲಾಯ ಹುಡುಕುವವರು ಒಂದು ಗಳಿಗೆ ಇದನ್ನು ಯೋಚಿಸಬೇಕು. ದೇಶದಲ್ಲಿ ರೋಗದ ಬಗ್ಗೆ ಅತಿ ಹೆಚ್ಚು ತಿಳಿದಿದ್ದವರು ಜಾಗ ಆರಿಸುವಾಗ 'ಇಲ್ಲಿ ರೋಗ ಇದೆಯೇ' ಎಂದು ಕೇಳಲಿಲ್ಲ. ಅವರ ಕೈಯಲ್ಲೇ ರೋಗ ಇತ್ತು. 'ರೋಗ ಇದ್ದರೆ ಅದನ್ನು ಬೇರೆಯಾಗಿಡಲು ಇಲ್ಲಿ ಜಾಗ ಇದೆಯೇ' ಎಂದು ಕೇಳಿದರು. 1901ರಲ್ಲಿ ಲಿಯೊನಾರ್ಡ್ ರಾಜರ್ಸ್ ಸುರ್ರಾವನ್ನು ದಾಟಿಸುವುದು ರಕ್ತ ಹೀರುವ ದೊಡ್ಡ ನೊಣಗಳು ಎಂದು ತೋರಿಸಿದ್ದು ಆ ಬೆಟ್ಟದ ಮೇಲಿನ ಕೆಲಸದಿಂದಲೇ.

ಸುರ್ರಾಕ್ಕೆ ನಮ್ಮ ಸಯೀಸರ ವ್ಯಾಕರಣ ಸಾಲದು. ದನ, ಎಮ್ಮೆಗಳ ರಕ್ತದಲ್ಲಿ ಅದು ಸದ್ದಿಲ್ಲದೆ ಇರಬಲ್ಲದು. ಮಳೆ ಶುರುವಾಗಿ ನೊಣ ಹೆಚ್ಚಿದರೆ ಕುದುರೆಗೆ ಹಾರಬಲ್ಲದು. ಅದು ಬಂದಿದೆಯೂ ಅಲ್ಲ, ಬಂದಿತ್ತೂ ಅಲ್ಲ. 'ಬರುತ್ತದೆ'. ಹೊಳೆಯುವ ಲಾಯದ ಹಸಿರು ಬೇಲಿಯ ಆಚೆ ಒಂದು ಎಮ್ಮೆ ಗೋಠಾ ಇದ್ದದ್ದು ನನಗೆ ಆಮೇಲೆ ನೆನಪಾಯಿತು. ಅಲ್ಲಿ ಸುರ್ರಾ ಇತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ನೊಣಕ್ಕೆ ಏನು ಮಾಡುತ್ತೀರಿ ಎಂದು ಅಲ್ಲಿ ಕೇಳಬಹುದಿತ್ತು, ನಾವು ಕೇಳಲಿಲ್ಲ. ಕಾಯಿಲೆಯೇ ಬಂದಿಲ್ಲ ಎಂದವರ ಹತ್ತಿರ ಪ್ರಶ್ನೆಗಳು ಬೇಗ ಮುಗಿದುಹೋಗುತ್ತವೆ.

ಈಗ ಗ್ಲ್ಯಾಂಡರ್ಸ್. ಗೆಳತಿಯ ನಿದ್ದೆಗೆಡಿಸಿದ್ದು ಇದೇ, ಕೆಡಿಸಬೇಕಾದದ್ದೂ ಹೌದು. ಮೂಗಿನಿಂದ ಅಂಟಂಟು ಕೀವು, ಒಳಗೆ ಹುಣ್ಣು, ಶ್ವಾಸಕೋಶದಲ್ಲಿ ಗಂಟು. ಚರ್ಮಕ್ಕೆ ಬಂದರೆ ಕಾಲುದ್ದಕ್ಕೂ ಮಣಿ ಪೋಣಿಸಿದಂತೆ ಬಾವು, ಆಗ ಅದನ್ನು ಫಾರ್ಸಿ ಎನ್ನುತ್ತಿದ್ದರು. ಎರಡೂ ಬೇರೆ ರೋಗ ಎಂದೇ ಬಹುಕಾಲ ನಂಬಿದ್ದರು. 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಜ್ ಇದರ ಬ್ಯಾಕ್ಟೀರಿಯಾ ಹಿಡಿದರು. ಮನುಷ್ಯರಿಗೂ ತಗುಲಬಲ್ಲದು, ಚಿಕಿತ್ಸೆ ಇಲ್ಲದಿದ್ದರೆ ಕೊಲ್ಲಬಲ್ಲದು. ಅತಿ ದೊಡ್ಡ ತೊಂದರೆ ಏನೆಂದರೆ, ಎಷ್ಟೋ ಕುದುರೆಗಳು ನೋಡಲು ಚೆನ್ನಾಗಿರುತ್ತವೆ, ಕೆಲಸ ಮಾಡುತ್ತಿರುತ್ತವೆ, ರೋಗವನ್ನೂ ಹಂಚುತ್ತಿರುತ್ತವೆ. ಹಂಚುವುದು ಹೆಚ್ಚಾಗಿ ನೀರಿನ ತೊಟ್ಟಿಯಲ್ಲಿ, ಮೇವಿನ ಬುಟ್ಟಿಯಲ್ಲಿ, ಒಂದರ ಲಗಾಮು ಇನ್ನೊಂದಕ್ಕೆ ಹಾಕುವುದರಲ್ಲಿ. ಆ 25 ಕುದುರೆಗಳ ಒಂದೇ ಪಖಾಲು ನೆನಪಿಸಿಕೊಳ್ಳಿ.

1890ರ ಆಸುಪಾಸಿನಲ್ಲಿ ರಷ್ಯಾದ ಇಬ್ಬರು ಪಶುವೈದ್ಯರು, ಹೆಲ್‌ಮನ್ ಮತ್ತು ಕಾಲ್‌ನಿಂಗ್, ಇದೇ ಬ್ಯಾಕ್ಟೀರಿಯಾದಿಂದ ಮ್ಯಾಲಿನ್ ಎಂಬ ಪರೀಕ್ಷಾದ್ರವ ತಯಾರಿಸಿದರು. ಕುದುರೆಯ ಕಣ್ಣಿನ ರೆಪ್ಪೆಗೆ ಒಂದು ಹನಿ ಚುಚ್ಚಿದರೆ, ರೋಗವಿದ್ದರೆ ಎರಡು ದಿನದೊಳಗೆ ರೆಪ್ಪೆ ಊದಿಕೊಳ್ಳುತ್ತದೆ. ಕಾಲ್‌ನಿಂಗ್ ಈ ಕೆಲಸದಲ್ಲೇ ಗ್ಲ್ಯಾಂಡರ್ಸ್ ತಗುಲಿ ಸತ್ತ. ಅಲ್ಲಿಂದ ಮುಂದಿನ ಕ್ರಮ ಎಲ್ಲ ಕಡೆ ಒಂದೇ: ಪರೀಕ್ಷೆ ಮಾಡು, ಇದ್ದರೆ ಕೊಲ್ಲು. ಬ್ರಿಟನ್ 1928ರ ಹೊತ್ತಿಗೆ ಹೀಗೆಯೇ ಅದನ್ನು ಇಲ್ಲವಾಗಿಸಿತು. ಭಾರತದಲ್ಲಿ 1899ರ ಗ್ಲ್ಯಾಂಡರ್ಸ್ ಅಂಡ್ ಫಾರ್ಸಿ ಕಾಯ್ದೆ ಇನ್‌ಸ್ಪೆಕ್ಟರುಗಳಿಗೆ ಲಾಯದೊಳಗೆ ನುಗ್ಗಿ ಕುದುರೆಯನ್ನು ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿತು. ಆ ಕಾಯ್ದೆಯ ಪ್ರಕಾರ ಕುದುರೆ ಎಂದರೆ ಕತ್ತೆ, ಹೇಸರಗತ್ತೆಗಳೂ ಸೇರಿ. ಕಾನೂನು ಅನುವಾದ ಮಾಡುವಾಗ ಇಂಥ ವ್ಯಾಖ್ಯೆಗಳನ್ನು ನೋಡಿ ನಗುವುದುಂಟು, ಇಲ್ಲಿ ನಗುವಂತಿಲ್ಲ. ಕತ್ತೆಗೂ ಬರುತ್ತದೆ, ಕತ್ತೆಯಿಂದಲೂ ಬರುತ್ತದೆ.

ಆ ಕಾಯ್ದೆ 110 ವರ್ಷ ಬದುಕಿತು. 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳಿಗೆಲ್ಲ ಸೇರಿಸಿ ಹೊಸ ಕಾಯ್ದೆ ಬಂದು ಅದನ್ನು ರದ್ದು ಮಾಡಿತು. ಆದರೆ ಅದಕ್ಕೆ ಮೂರು ವರ್ಷ ಮೊದಲು, 2006ರಲ್ಲಿ, ಪುಣೆ ಮತ್ತು ಪಂಚಗಣಿಯ ಕುದುರೆಗಳಲ್ಲಿ ಗ್ಲ್ಯಾಂಡರ್ಸ್ ಕಾಣಿಸಿಕೊಂಡಿತು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಖಚಿತಪಡಿಸಿದರು. ಕೆಲವು ವರ್ಷಗಳಿಂದ ದೇಶದಲ್ಲಿ ಸುದ್ದಿಯೇ ಇಲ್ಲದ ರೋಗ ಅದು. ಮುಂದೆ ಉತ್ತರ ಪ್ರದೇಶ, ಉತ್ತರಾಖಂಡ, ಪಂಜಾಬ್ ಎಂದು ಹೆಸರುಗಳು ಸೇರುತ್ತ ಹೋದವು.

ಪಂಚಗಣಿಯ ಕುದುರೆ ಎಂದರೆ ಏನೆಂದು ಅಲ್ಲಿಗೆ ಪ್ರವಾಸ ಹೋದವರಿಗೆ ಗೊತ್ತು. ಟೇಬಲ್‌ಲ್ಯಾಂಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕುವ ಕುದುರೆ. ಅದರ ಒಡೆಯ ಇಂದಿನ ಶಿಲೇದಾರ. ಕುದುರೆ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ರೋಗ ದೃಢಪಟ್ಟು ಕೊಲ್ಲಬೇಕಾದ ಕುದುರೆಗೆ ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಕೊಡುವ ಪರಿಹಾರ 25,000 ರೂಪಾಯಿ. ಅಷ್ಟಕ್ಕೆ ಇನ್ನೊಂದು ಒಳ್ಳೆಯ ಕುದುರೆ ಬರುವುದಿಲ್ಲ. ಮೂಗಿನಲ್ಲಿ ಕೀವು ಕಂಡ ಬೆಳಿಗ್ಗೆ ಅಂಥವನು ಏನು ಮಾಡಬೇಕು? ಕಾಯ್ದೆಗೆ ಉತ್ತರ ಗೊತ್ತು: ತಕ್ಷಣ ವರದಿ ಮಾಡಬೇಕು. ಅವನ ಹೆಂಡತಿಗೆ, ಮಕ್ಕಳಿಗೆ ಗೊತ್ತಿರುವ ಉತ್ತರ ಬೇರೆ ಇರಬಹುದು. ಮೂಗು ಒರೆಸಿ ಸಂತೆಗೆ ಹೊಡೆದುಕೊಂಡು ಹೋಗುವವರನ್ನು ಬೈಯುವುದು ಸುಲಭ. ನಾನು ಮೊದಲು ಬೈದಿದ್ದೆ ಕೂಡ. ಶಿಲೇದಾರ-ಬಾರಗೀರರ ಲೆಕ್ಕ ಓದಿದ ಮೇಲೆ ಬೈಗುಳ ಸ್ವಲ್ಪ ಮೇಲಿನವರ ಕಡೆ ತಿರುಗಿದೆ.

ಹಾಗಾಗಿಯೇ, ಎರಡು ಕುದುರೆ ಕಳೆದುಕೊಂಡು ಅದನ್ನು ಫೋನಿನಲ್ಲೇ ಹೇಳುವ ಮಾಲೀಕ ನನಗೆ ವಿಚಿತ್ರ ಪ್ರಾಣಿಯಾಗಿ ಕಂಡರು. ಹೇಳುವುದರಿಂದ ಅವರಿಗೆ ಲಾಭವಿಲ್ಲ. ಗಿರಾಕಿ ಹೋಗುತ್ತಾರೆ.

ಗ್ಲ್ಯಾಂಡರ್ಸ್ ಬಂದಿದ್ದ ನೆಲವೇ ವಿಷವಾಗಿ ಉಳಿದಿರುತ್ತದೆಯೇ ಎಂಬುದು ಗೆಳತಿಯ ಮುಂದಿನ ಭಯ. ಇಲ್ಲ. ಆ ಬ್ಯಾಕ್ಟೀರಿಯಾ ಕುದುರೆ ಜಾತಿಯ ಮೈಯೊಳಗೇ ಬದುಕುವಂಥದ್ದು. ಬಿಸಿಲಿಗೆ, ಒಣಗಿದರೆ, ಸಾಮಾನ್ಯ ಸೋಂಕುನಿವಾರಕಕ್ಕೆ ಬೇಗ ಸಾಯುತ್ತದೆ. ತೇವದ ಕತ್ತಲ ಮೂಲೆಯಲ್ಲಿ ವಾರಗಟ್ಟಲೆ ಉಳಿಯಬಹುದು, ವರ್ಷಗಟ್ಟಲೆ ಅಲ್ಲ. ಉಳಿದ ಕುದುರೆಗಳ ರಕ್ತ ಮತ್ತೆಮತ್ತೆ ಪರೀಕ್ಷೆಯಾಗಿ ಶುದ್ಧ ಎಂದು ಬಂದಿದ್ದರೆ ಸಯೀಸರ ವ್ಯಾಕರಣ ಸರಿ: ಬಂದಿತ್ತು.

ಎಲ್ಲ ರೋಗಕ್ಕೂ ಈ ಮಾತು ನಡೆಯುವುದಿಲ್ಲ. ಸ್ಟ್ರ್ಯಾಂಗಲ್ಸ್ ಎಂಬುದೊಂದಿದೆ, ದವಡೆಯ ಕೆಳಗಿನ ಗ್ರಂಥಿ ಊದಿ ಒಡೆಯುತ್ತದೆ. ಹೆಚ್ಚಿನ ಕುದುರೆಗಳು ಗುಣವಾಗುತ್ತವೆ. ಆದರೆ ಕೆಲವು ಗುಣವಾದಂತೆ ಕಂಡರೂ ಗಂಟಲ ಹಿಂದಿನ ಗಾಳಿಚೀಲದಲ್ಲಿ ಬ್ಯಾಕ್ಟೀರಿಯಾವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟುಕೊಂಡಿರುತ್ತವೆ. ಅಂಥ ಲಾಯದವರು 'ಬಂದಿತ್ತು' ಎಂದರೆ, ಗಾಳಿಚೀಲ ತೊಳೆದು ಪರೀಕ್ಷೆ ಮಾಡಿಸಿದಿರಾ ಎಂದು ಕೇಳಬೇಕು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇನ್ನೂ ಕಠಿಣ. ವೈರಸ್ ಒಮ್ಮೆ ಹೊಕ್ಕರೆ ಸಾಯುವತನಕ ಮೈಯಲ್ಲೇ. ಅಮೆರಿಕದಲ್ಲಿ ಅಂಥ ಕುದುರೆಯನ್ನು ಕೊಲ್ಲಬೇಕು, ಇಲ್ಲವೇ ಮಿಕ್ಕ ಕುದುರೆಗಳಿಂದ ಕನಿಷ್ಠ 200 ಗಜ ದೂರದಲ್ಲಿ ಜೀವನಪೂರ್ತಿ ಇಡಬೇಕು. ಅದಕ್ಕೆ ಭೂತಕಾಲವೇ ಇಲ್ಲ.

ಇನ್ನು ಕುದುರೆ ಜ್ವರ, ಅಂದರೆ ಇನ್‌ಫ್ಲುಯೆಂಜಾ. 2008ರ ಜೂನ್‌ನಲ್ಲಿ ವೈಷ್ಣೋದೇವಿ ಯಾತ್ರೆಯ ತಪ್ಪಲಿನ ಕಟರಾದಲ್ಲಿ ಶುರುವಾಯಿತು. ದೇಶದಲ್ಲಿ ಅದು ಕಾಣಿಸಿ 20 ವರ್ಷವಾಗಿತ್ತು. ಹಲವು ರಾಜ್ಯಗಳಿಗೆ ಹಬ್ಬಿತು, ವೈರಸ್ಸನ್ನು ಪ್ರತ್ಯೇಕಿಸಿದ ಮಾದರಿಗಳು ಬಂದದ್ದು ಕಟರಾ, ಅಹಮದಾಬಾದ್ ಮತ್ತು ನಮ್ಮ ಮೈಸೂರಿನಿಂದ. ವಿಜ್ಞಾನದ ಲೇಖನಗಳಲ್ಲಿ ಆ ತಳಿಗಳ ಹೆಸರಿನಲ್ಲಿ ಮೈಸೂರು ಇದೆ; ಪಾಕ, ಪೇಟ, ಮಲ್ಲಿಗೆ ಆದಮೇಲೆ ಇದೊಂದು. ಅದಕ್ಕೆ ಒಂದು ವರ್ಷ ಮೊದಲು ಆಸ್ಟ್ರೇಲಿಯಾದಲ್ಲಿ ಇದೇ ರೋಗ ಸುಮಾರು 70,000 ಕುದುರೆಗಳಿಗೆ ತಗುಲಿತ್ತು. ಮಾಜಿ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ವಿಚಾರಣೆ ನಡೆಸಿ 2008ರಲ್ಲಿ ವರದಿ ಕೊಟ್ಟರು. ಸೋಂಕು ತಪ್ಪಿಸಿಕೊಂಡದ್ದು ಹೆಚ್ಚೂಕಡಿಮೆ ಖಚಿತವಾಗಿ ಸಿಡ್ನಿಯ ಸರ್ಕಾರಿ ಕ್ವಾರಂಟೈನ್ ಕೇಂದ್ರದಿಂದಲೇ. ಒಳಗೆ ಕುದುರೆ ಮುಟ್ಟಿದವರು ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಹೊರಗೆ ಹೋಗುವುದನ್ನು ಯಾರೂ ತಡೆಯುತ್ತಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಅದೇ ಗಾದೆಗೆ ಬರುವುದು ಕುದುರೆ ಲಾಯದ ಬಾಗಿಲು. ಇಲ್ಲಿ ಬಾಗಿಲು ಹಾಕಿಯೇ ಇತ್ತು. ರೋಗ ಹೊರಟದ್ದು ಬಹುಶಃ ಒಳಗೆ ಕುದುರೆ ಮುಟ್ಟಿದವರ ಮೈಮೇಲೆ.

ಪುಣೆಯ ಕುದುರೆ ಎಂದ ಮೇಲೆ ಸೀರಂ ಇನ್‌ಸ್ಟಿಟ್ಯೂಟನ್ನು ಬಿಡಲಾಗುವುದಿಲ್ಲ. ಪೂನಾವಾಲಾ ಕುಟುಂಬದ ಕುದುರೆ ಸಾಕಣೆ 1946ರದ್ದು. ಅಲ್ಲಿನ ವಯಸ್ಸಾದ ಕುದುರೆಗಳು ಸೀರಂ ತಯಾರಿಕೆಗೆಂದು ಮುಂಬೈಯ ಹಾಫ್‌ಕಿನ್ ಸಂಸ್ಥೆಗೆ ಹೋಗುತ್ತಿದ್ದವು. ಆ ಕೆಲಸ ಇಲ್ಲೇ ಯಾಕೆ ಆಗಬಾರದು ಎಂದು ಸೈರಸ್ ಪೂನಾವಾಲಾ 1966ರಲ್ಲಿ ಶುರುಮಾಡಿದ ಸಂಸ್ಥೆ ಅದು. ಕುದುರೆಗೆ ಅಲ್ಪಪ್ರಮಾಣದ ವಿಷ ಕೊಟ್ಟು, ಅದು ಬೆಳೆಸಿಕೊಂಡ ಪ್ರತಿವಿಷವನ್ನು ರಕ್ತದಿಂದ ತೆಗೆಯುವುದು. ಇಂಥ ಲಾಯದಲ್ಲಿ ಒಂದು ಕಾಯಿಲೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1901ರ ಅಮೆರಿಕದ ಸೇಂಟ್ ಲೂಯಿಸ್ ನಗರದ ಕತೆ ಇದೆ. ಹಾಲಿನ ಗಾಡಿ ಎಳೆದು ನಿವೃತ್ತಿಯಾದ ಜಿಮ್ ಎಂಬ ಕುದುರೆಯಿಂದ ಗಂಟಲಮಾರಿಯ ಸೀರಂ ತೆಗೆಯುತ್ತಿದ್ದರು. ಜಿಮ್‌ಗೆ ಧನುರ್ವಾಯು ಬಂತು, ಅಕ್ಟೋಬರ್ 2ರಂದು ಅದನ್ನು ಕೊಂದರು. ಸೆಪ್ಟೆಂಬರ್ 30ರಂದು ತೆಗೆದ ಸೀರಂ ಚೆಲ್ಲಬೇಕಿತ್ತು, ಚೆಲ್ಲಲಿಲ್ಲ. ಅದರಲ್ಲಿ ಕೆಲವು ಬಾಟಲಿಗಳ ಮೇಲೆ ಆಗಸ್ಟ್ 24ರ ಚೀಟಿ ಅಂಟಿತ್ತು. 13 ಮಕ್ಕಳು ಸತ್ತರು. ಮರುವರ್ಷ ಅಮೆರಿಕ ಇಂಥ ಔಷಧಗಳ ತಯಾರಿಕೆಗೆ ಕಾನೂನು ಮಾಡಿತು. ಜಿಮ್‌ನ ಲಾಯದಲ್ಲಿ ರೋಗ ಇದ್ದದ್ದು ಒಂದು ಅಪಾಯ. ತಾರೀಖು ತಪ್ಪಿದ್ದು ಇನ್ನೊಂದು. ಮಕ್ಕಳನ್ನು ಕೊಂದದ್ದರಲ್ಲಿ ಎರಡನೆಯದರ ಪಾಲು ದೊಡ್ಡದು.

2025ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮೀರತ್ ದಂಡುಪ್ರದೇಶದ ಸೈನ್ಯದ ಲಾಯವೊಂದನ್ನು ರೋಗಮುಕ್ತ ವಲಯ ಎಂದು ಒಪ್ಪಿಕೊಂಡಿತು. ಗ್ಲ್ಯಾಂಡರ್ಸ್, ಸುರ್ರಾ, ಇನ್‌ಫ್ಲುಯೆಂಜಾ, ಸಾಂಕ್ರಾಮಿಕ ರಕ್ತಹೀನತೆ, ಪೈರೋಪ್ಲಾಸ್ಮೋಸಿಸ್, ಈ ಐದು ಇಲ್ಲಿಲ್ಲ ಎಂಬ ಪಟ್ಟ. ದೇಶದ ತುಂಬ ಈ ರೋಗಗಳ ಚರಿತ್ರೆ ಇರುವುದರಿಂದ ಭಾರತದ ಕುದುರೆ ಹೊರದೇಶದ ಸ್ಪರ್ಧೆಗೆ ಹೋಗುವುದು ಕಷ್ಟವಾಗಿತ್ತು; 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ಡ್ರೆಸಾಜ್ ಸವಾರರು ಯುರೋಪಿನಲ್ಲೇ ಇದ್ದು ತಯಾರಾದವರು. ಈ ಪಟ್ಟದ ತರ್ಕ ಕುತೂಹಲದ್ದು. ದೇಶದ ಚರಿತ್ರೆ ಅಳಿಸಲಾಗದು. ಆದರೆ ಒಂದು ಬೇಲಿಯೊಳಗೆ ಯಾರು ಬಂದರು, ಯಾರು ಹೋದರು, ಯಾವಾಗ ಪರೀಕ್ಷೆಯಾಯಿತು ಎಂದು ತಪ್ಪದೆ ಬರೆದಿಡಬಹುದು.

ಸಯೀಸರ ಲಾಯದಲ್ಲಿ ಬರೆದಿಟ್ಟದ್ದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಮರಾಠಿಯಲ್ಲಿ. ಎರಡನೇ ಸಲ ಹೋದಾಗ ಮಾಲೀಕರು ಅದನ್ನು ತೆಗೆದು ಮೇಜಿನ ಮೇಲಿಟ್ಟು ಚಹಾ ತರಿಸಲು ಹೋದರು. ಗೆಳತಿಗೆ ಓದಿ ಹೇಳಿದೆ. ಮೊದಲ ಕುದುರೆಗೆ ಜ್ವರ ಬಂದ ದಿನ, ರಕ್ತ ಕಳಿಸಿದ ದಿನ, ಪಶುಸಂಗೋಪನಾ ಇಲಾಖೆಯವರು ಬಂದ ದಿನ, ಎರಡಕ್ಕೂ ಚುಚ್ಚುಮದ್ದು ಕೊಟ್ಟ ದಿನ, ಸುಣ್ಣ ಹಾಕಿ ಆಳಕ್ಕೆ ಹೂತ ಜಾಗ. ಮರದ ಗೋದಲಿಗಳನ್ನು ಸುಟ್ಟದ್ದು. ಉಳಿದ ಕುದುರೆಗಳ ರಕ್ತಪರೀಕ್ಷೆ, ಮತ್ತೆ ಪರೀಕ್ಷೆ, ಮತ್ತೆ ಪರೀಕ್ಷೆ. ಒಂದು ಪುಟದಲ್ಲಿ ಬೇರೆ ಕೈಬರಹದಲ್ಲಿ ಗಿರಾಕಿಗಳ ಹೆಸರಿನ ಪಟ್ಟಿ, ಪ್ರತಿ ಹೆಸರಿನ ಮುಂದೆ 'ಫೋನ್ ಮಾಡಿದೆ'. ಆರು ಹೆಸರುಗಳ ಮುಂದೆ 'ಕುದುರೆ ಒಯ್ದರು' ಎಂದಿತ್ತು.

ಹೊಳೆಯುವ ಲಾಯಕ್ಕೆ ಗೆಳತಿ ಇನ್ನೊಮ್ಮೆ ಫೋನ್ ಮಾಡಿದಳು. ಹೊಸ ಕುದುರೆ ಬಂದರೆ ಎಷ್ಟು ದಿನ ಬೇರೆ ಇಡುತ್ತೀರಿ ಎಂದು ಕೇಳಿದಳು. "ಅದೆಲ್ಲ ಏನೂ ಬೇಡ ಮೇಡಂ, ನಾಳೆಯೇ ತನ್ನಿ" ಎಂದರು. ಅವರು ಒಳ್ಳೆಯವರೇ, ಸೌಜನ್ಯದಿಂದಲೇ ಹೇಳಿದರು.

ಸಯೀಸರ ಲಾಯದವರು ರಕ್ತಪರೀಕ್ಷೆಯ ವರದಿ ಇಲ್ಲದೆ ಗೇಟು ತೆಗೆಯಲಿಲ್ಲ. ವರದಿ ಬಂದ ಮೇಲೂ 21 ದಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂಟಿಯಾಗಿ ನಿಲ್ಲಿಸಿದರು. ಅದಕ್ಕೇ ಬೇರೆ ಬಕೆಟು, ಕೆಂಪು ಬಣ್ಣ ಬಳಿದದ್ದು. ಬೇರೆ ಖರಾರ, ಬೇರೆ ಹಗ್ಗ. ಸಯೀಸರು ಎಲ್ಲ ಕುದುರೆಗಳ ಕೆಲಸ ಮುಗಿಸಿ ಕೊನೆಗೆ ಅದರ ಹತ್ತಿರ ಹೋಗುತ್ತಿದ್ದರು. ಹತ್ತೊಂಬತ್ತನೇ ದಿನ ನಾನು ಹೋದಾಗ ಅದರ ಕುತ್ತಿಗೆ ಸವರಿ, ಅದೇ ಕೈಯಲ್ಲಿ ಮುಂದಿನ ಸಾಲಿನ ಬಿಳಿ ಕುದುರೆಯನ್ನು ಮುಟ್ಟಲು ಹೊರಟೆ.

"ಅಕ್ಕಾ, ಕೈ ತೊಳ್ಕೋರಿ ಮೊದಲ" ಎಂದರು. ತೊಳೆದು ಬಂದೆ. ಆ ಎರಡು ಕುದುರೆಗಳನ್ನು ನೀವೇ ನೋಡಿಕೊಳ್ಳುತ್ತಿದ್ದಿರಾ ಎಂದು ಕೇಳಿದೆ. ಹೌದಂತೆ. ಒಂದಕ್ಕೆ ಬೆಲ್ಲ ಬಹಳ ಇಷ್ಟ, ಇನ್ನೊಂದು ಕಚ್ಚುತ್ತಿತ್ತಂತೆ. ಇಲಾಖೆಯವರು ಅವರ ರಕ್ತವನ್ನೂ ತೆಗೆದುಕೊಂಡು ಹೋಗಿದ್ದರು, ಫಲಿತಾಂಶ ಬರುವವರೆಗೆ ಊರಿಗೆ ಹೋಗಲಿಲ್ಲ, ಮೊಮ್ಮಗಳ ತೊಟ್ಟಿಲು ತಪ್ಪಿತು. ಅವರು ಇಷ್ಟು ಹೇಳಿ ಹುಲ್ಲು ಒದರಲು ಹೋದರು.

ಶುಕ್ರವಾರ ರಾತ್ರಿ ಗೆಳತಿ ಸಂದೇಶ ಕಳಿಸಿದಳು. ಎರಡನೇ ವರದಿಯೂ ಸರಿ ಇದೆ, ಭಾನುವಾರ ಬೆಳಿಗ್ಗೆ ಮುಂದಿನ ಸಾಲಿಗೆ ತರುತ್ತಾರೆ, ಬೆಲ್ಲ ತರಬಹುದಾ ಎಂದು ಸಯೀಸರನ್ನು ಕೇಳಿ ಹೇಳು.